ಕಬ್ಬಿಣ ಕಂಡಲ್ಲೆಲ್ಲ ಗ್ರೀಸ್

ಉಚ್ಚಿಲದ ಬೂಬನ ಬಲಗೈಯಲ್ಲಿ ಎರಡು ಬೆರಳುಗಳಿಲ್ಲ. ಉಳಿದ ಮೂರರಲ್ಲಿ ಅವನು ಮಾಡದ ಕೆಲಸವಿಲ್ಲ. ಹರಿದ ಬಲೆ ಹೊಲಿಯುತ್ತಾನೆ, ತೆಂಗಿನಕಾಯಿ ಸುಲಿಯುತ್ತಾನೆ, ನೆರೆಮನೆಯ ಬಾಗಿಲು ಕಿರ್ರೆಂದರೆ ಯಾರೂ ಕರೆಯದೆಯೇ ಗ್ರೀಸಿನ ಡಬ್ಬಿ ಹಿಡಿದುಕೊಂಡು ಹೋಗಿ ಅದರ ಬಾಯಿ ಮುಚ್ಚಿಸಿ ಬರುತ್ತಾನೆ. ಒಮ್ಮೆ ಮದುವೆ ಹಾಲ್‌ನ ಮಡಚುವ ಕುರ್ಚಿಗಳು ಶಬ್ದ ಮಾಡುತ್ತವೆಂದು ಹಿಂದಿನ ಸಂಜೆಯೇ ಹೋಗಿ ಅಷ್ಟಕ್ಕೂ ಗ್ರೀಸ್ ಹಚ್ಚಿ ಬಂದಿದ್ದ. ಮರುದಿನ ಕುರ್ಚಿಗಳು ತೆಪ್ಪಗಿದ್ದವು, ರೇಷ್ಮೆ ಸೀರೆ ಉಟ್ಟ ಹೆಂಗಸರು ಮಾತ್ರ ತೆಪ್ಪಗಿರಲಿಲ್ಲ. ಮದುಮಗಳ ಚಿಕ್ಕಮ್ಮ ಇವತ್ತಿಗೂ ಬೂಬನನ್ನು ಕಂಡರೆ ಸೆರಗು ಎಳೆದುಕೊಂಡು ದೂರ ಸರಿಯುತ್ತಾರೆ.

‘ಕಬ್ಬಿಣ ಕಂಡಲ್ಲೆಲ್ಲ ಗ್ರೀಸ್ ಹಾಕು’ ಎನ್ನುವುದು ಅವನ ವೇದವಾಕ್ಯ. ಮಲ್ಪೆಯಿಂದ ಹೊರಡುವ ಟ್ರಾಲ್ ಬೋಟುಗಳಲ್ಲಿ ಇಂಜಿನ್ ನೋಡಿಕೊಳ್ಳುವ ಡ್ರೈವರ್ ಆಗಿ ಅರ್ಧ ಆಯುಷ್ಯ ಕಳೆದವನು ಅವನು. ಉಪ್ಪುನೀರು ಕಬ್ಬಿಣವನ್ನು ಹೇಗೆ ತಿನ್ನುತ್ತದೆ ಎನ್ನುವುದು ದಡದಲ್ಲಿದ್ದವರಿಗೆ ಗೊತ್ತಾಗುವುದಿಲ್ಲ. ಇವತ್ತು ಹೊಳೆಯುವ ಬೋಲ್ಟು ಒಂದು ಮಳೆಗಾಲ ದಾಟುವಷ್ಟರಲ್ಲಿ ಕೈಯಲ್ಲೇ ಪುಡಿಯಾಗುತ್ತದೆ. ದಡ ಕಾಣದ ಜಾಗದಲ್ಲಿ ಇಂಜಿನ್ ನಿಂತರೆ ಬೋಟಿನಲ್ಲಿದ್ದ ಅಷ್ಟೂ ಜನರ ಜೀವ ಡ್ರೈವರನ ಕೈಯಲ್ಲಿ. ಬೂಬನ ಬೋಟು ಹಾಗೆ ಒಮ್ಮೆಯೂ ನಿಲ್ಲಲಿಲ್ಲ. ನಿದ್ದೆಯಲ್ಲಿಯೂ ಅವನ ಕಿವಿ ಇಂಜಿನಿನ ಮೇಲೆಯೇ ಇರುತ್ತಿತ್ತು. ಶಬ್ದದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಎದ್ದು ಕುಳಿತುಬಿಡುತ್ತಿದ್ದ. ಆ ಕಿವಿಯ ಬಗ್ಗೆ ಅವನಿಗೆ ಜಂಬವಿತ್ತು, ಗ್ರೀಸಿನ ಬಗ್ಗೆ ಭಕ್ತಿಯಿತ್ತು. ಇವೆರಡೂ ಸೇರಿ ಅವನನ್ನು ಎಲ್ಲಿಗೆ ತಂದು ನಿಲ್ಲಿಸಲಿಕ್ಕಿವೆ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ.

ಬೆರಳು ಹೋದದ್ದು ಬೋಟಿನ ವಿಂಚಿನಲ್ಲಿ. ಬಲೆ ಎಳೆಯುವಾಗ ವಿಂಚಿನ ಉರುಳೆಗೆ ಹಗ್ಗವನ್ನು ಮೂರು ನಾಲ್ಕು ಸುತ್ತು ಹಾಕಿ, ತುದಿಯನ್ನು ಒಬ್ಬ ಎಳೆದು ಹಿಡಿದುಕೊಳ್ಳುತ್ತಾನೆ. ಉರುಳೆಗೆ ಹಲ್ಲು ಇಲ್ಲ, ಕೊಕ್ಕೆ ಇಲ್ಲ. ಹಗ್ಗ ಅದನ್ನು ಬಿಗಿಯಾಗಿ ಅಪ್ಪಿಕೊಂಡಿರುತ್ತದೆ, ಆ ಅಪ್ಪುಗೆಯಿಂದಲೇ ಅಷ್ಟು ದೊಡ್ಡ ಬಲೆ ಸಮುದ್ರದಿಂದ ಮೇಲೆ ಬರುತ್ತದೆ. ಆ ದಿನ ಹಗ್ಗ ಅಪ್ಪಿಕೊಳ್ಳಲಿಲ್ಲ. ಉರುಳೆ ತಿರುಗುತ್ತಿತ್ತು, ಹಗ್ಗ ಅದರ ಮೇಲೆ ಜಾರುತ್ತಿತ್ತು. ಎಂತ ಆಯಿತು ಎಂದು ನೋಡಲು ಬೂಬ ಇಂಜಿನ್ ಬಿಟ್ಟು ಬಂದು ಸುತ್ತುಗಳನ್ನು ಕೈಯಿಂದ ಒತ್ತಿದ. ಜಾರುತ್ತಿದ್ದ ಹಗ್ಗ ಒಮ್ಮೆಲೆ ಕಚ್ಚಿತು. ಕಚ್ಚುವಾಗ ಅವನ ಬೆರಳುಗಳು ಹಗ್ಗಕ್ಕೂ ಕಬ್ಬಿಣಕ್ಕೂ ನಡುವೆ ಇದ್ದವು.

ಉರುಳೆಗೆ ಗ್ರೀಸ್ ಹಚ್ಚಿದ್ದು ಭುಜಂಗ. ಕಾಪುವಿನವನು, ಆ ವರ್ಷವೇ ಬೋಟಿಗೆ ಕಲಾಸಿಯಾಗಿ, ಬಲೆ ಎಳೆಯುವ ಆಳಾಗಿ ಸೇರಿದವನು. ತುಕ್ಕು ಕೆರೆದು ತೆಗೆದು, ನೀಟಾಗಿ ಗ್ರೀಸ್ ಬಳಿದಿದ್ದ. ಆಸ್ಪತ್ರೆಯಲ್ಲಿ ಅವನು ನೋಡಲು ಬಂದಾಗ ಬೂಬ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡು ಮಲಗಿದ. ಭುಜಂಗ ಬಾಗಿಲ ಹತ್ತಿರ ಸ್ವಲ್ಪ ಹೊತ್ತು ನಿಂತು ಹೊರಟುಹೋದ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಭುಜಂಗನೂ ಸಮುದ್ರ ಬಿಟ್ಟು, ಟೆಂಪೋ ಇಟ್ಟುಕೊಂಡು ಮೀನು ಮಾರುವವರಿಗೆ ಐಸ್ ಸಾಗಿಸುವ ಕೆಲಸ ಹಿಡಿದ. ಆ ಟೆಂಪೋ ಎದುರಿಗೆ ಬಂದರೆ ಬೂಬ ರಸ್ತೆಯ ಆಚೆ ಬದಿಗೆ ದಾಟುತ್ತಿದ್ದ.

ಗಂಡ ದಡಕ್ಕೆ ಬಿದ್ದ ಮೇಲೆ ಮನೆ ನಡೆಸಿದವಳು ಕಮಲ. ಅವಳು ಮೊದಲಿನಿಂದಲೂ ಮೀನು ಮಾರುವವಳೇ. ಬುಟ್ಟಿ ತಲೆಯ ಮೇಲೆ ಹೊತ್ತು ಬಸ್ಸಿನಲ್ಲಿ ಹೋಗುತ್ತಿದ್ದಳು, ಕಂಡಕ್ಟರ್‌ಗಳ ಮುಖ ಸಿಂಡರಿಸುವಿಕೆಯನ್ನು ಅರ್ಧ ದಾರಿ ಸಹಿಸಿ, ಉಳಿದರ್ಧ ದಾರಿ ಅವರಿಗೇ ತಿರುಗಿ ಕೊಡುತ್ತಿದ್ದಳು. ಮಗಳು ಶರ್ಮಿಳಾ ಮದುವೆಯಾಗಿ ಮುಂಬೈಗೆ ಹೋಗುವಾಗ ತನ್ನ ಸ್ಕೂಟರನ್ನು ತಾಯಿಗೆ ಬಿಟ್ಟು ಹೋದಳು. ಗೇರ್ ಇಲ್ಲದ ಸ್ಕೂಟರ್, ಬಲಗೈ ತಿರುಗಿಸಿದರೆ ಹೋಗುತ್ತದೆ, ಬ್ರೇಕ್ ಹಿಡಿದರೆ ನಿಲ್ಲುತ್ತದೆ. ಮನೆಯಂಗಳದಲ್ಲಿ ಎರಡು ಸಲ ಬಿದ್ದು, ಒಂದು ಸಲ ಬಾವಿಕಟ್ಟೆಗೆ ಗುದ್ದಿ ಕಮಲ ಅದನ್ನು ಕಲಿತಳು. ಈಗ ಹಿಂದೆ ಬಂಗುಡೆ, ಬೂತಾಯಿ ಮೀನಿನ ದೊಡ್ಡ ಪೆಟ್ಟಿಗೆ, ಕಾಲ ಬುಡದಲ್ಲಿ ಇನ್ನೊಂದು ಸಣ್ಣದು ಇಟ್ಟುಕೊಂಡು ಪಡುಬಿದ್ರಿ, ಬೆಳ್ಮಣ್ಣು, ನಿಟ್ಟೆ ದಾಟಿ ಕಾರ್ಕಳದವರೆಗೆ ಹೋಗುತ್ತಾಳೆ. ಬರುವಾಗ ಪೆಟ್ಟಿಗೆ ಖಾಲಿ ಬರುವುದಿಲ್ಲ. ಒಳನಾಡಿನ ಮನೆಗಳಲ್ಲಿ ಮೀನಿಗೆ ಬದಲು ತೆಂಗಿನಕಾಯಿ, ಹಲಸು, ಸೌತೆ ಕೊಡುವ ರೂಢಿ ಇನ್ನೂ ಉಳಿದಿದೆ. ಎಷ್ಟೋ ದಿನ ಹೋಗುವಾಗಿನದಕ್ಕಿಂತ ಬರುವಾಗಲೇ ಭಾರ ಹೆಚ್ಚು.

ಹೆದ್ದಾರಿ ದಾಟುವುದರಲ್ಲಿ ಕಮಲಳನ್ನು ಮೀರಿಸಿದವರು ಉಚ್ಚಿಲದಲ್ಲಿ ಇಲ್ಲ. ಎರಡೂ ಕಡೆ ನೋಡಿ, ಲಾರಿಗಳ ನಡುವೆ ತನಗೆ ಎಷ್ಟು ಜಾಗ ಸಿಗುತ್ತದೆ ಎಂದು ಕಣ್ಣಲ್ಲೇ ಅಳೆದು, ಕೈ ತಿರುಗಿಸಿ ಒಂದೇ ಉಸಿರಿಗೆ ಆಚೆ ಸೇರಿಬಿಡುತ್ತಾಳೆ. ಅವಳ ಲೆಕ್ಕ ತಪ್ಪುವುದಿಲ್ಲ. ಕೈ ತಿರುಗಿಸಿದರೆ ಸ್ಕೂಟರ್ ಹೋಗುತ್ತದೆ ಎಂಬ ಒಂದು ನಂಬಿಕೆಯ ಮೇಲೆ ಆ ಲೆಕ್ಕವೆಲ್ಲ ನಿಂತಿತ್ತು.

ಮಳೆ ಬಿಟ್ಟ ಮೇಲೆ ಸ್ಕೂಟರಿನ ಎಡಬದಿಯಲ್ಲಿ ಒಂದು ಶಬ್ದ ಶುರುವಾಯಿತು. ಹೊರಡುವಾಗ ಕೀಂಯ್ ಎಂದು ನಾಯಿಮರಿಯ ಹಾಗೆ ಕೂಗುವುದು, ಆಮೇಲೆ ಸುಮ್ಮನಾಗುವುದು.

“ಶಿರ್ವದ ಗ್ಯಾರೇಜಿನ ಬೆಂಜಮಿನಿಗೆ ಒಮ್ಮೆ ತೋರಿಸಬೇಕು” ಎಂದಳು ಕಮಲ.

ಬೂಬನಿಗೆ ಅದು ಚುಚ್ಚಿತು. “ಆರು ಸಿಲಿಂಡರಿನ ಬೋಟ್ ಇಂಜಿನ್ ಬಿಚ್ಚಿದವ ಮನೆಯಲ್ಲಿ ಇರುವಾಗ ನಿನಗೆ ಬೆಂಜಮಿನ್ ಯಾಕೆ?”

“ಅದು ಬೋಟು, ಇದು ಸ್ಕೂಟರ್ ಅಲ್ವಾ?”

“ಇಂಜಿನ್ ಇಂಜಿನೇ. ನಾಳೆ ಬೆಳಿಗ್ಗೆಗೆ ಸರಿ ಇರ್ತದೆ. ನೀನು ಹೋಗಿ ಅಡುಗೆ ನೋಡು.”

ಅವಳು ನಕ್ಕು ಒಳಗೆ ಹೋದಳು. ಬೂಬ ಅಂಗಳದಲ್ಲಿ ಗೋಣಿ ಹಾಸಿ, ಎಡಬದಿಯ ಮುಚ್ಚಳದ ಬೋಲ್ಟುಗಳನ್ನು ಒಂದೊಂದಾಗಿ ಬಿಚ್ಚಿದ. ಮುಚ್ಚಳದ ಅಂಚಿನ ಪ್ಯಾಕಿಂಗ್ ಹರಿದು ಕೈಗೆ ಬಂತು. ಒಳಗೆ ನೋಡಿದವನಿಗೆ ಆಶ್ಚರ್ಯವಾಯಿತು. ಮುಂದೊಂದು ಚಕ್ರ, ಹಿಂದೊಂದು ಚಕ್ರ, ನಡುವೆ ಅಗಲವಾದ ಕಪ್ಪು ರಬ್ಬರ್ ಬೆಲ್ಟ್. ಕರಿ ಧೂಳು ಬಿಟ್ಟರೆ ಬೇರೇನೂ ಇಲ್ಲ. ಒಂದು ತೊಟ್ಟು ಎಣ್ಣೆಯಿಲ್ಲ. ಹಸಿದ ಮಗುವಿನ ತುಟಿಯ ಹಾಗೆ ಒಣಗಿಹೋಗಿದೆ. ಕೂಗದೆ ಇನ್ನೇನು ಮಾಡೀತು ಎಂದುಕೊಂಡ. ಇಷ್ಟು ವರ್ಷ ಇದಕ್ಕೆ ಗ್ರೀಸ್ ತೋರಿಸದ ಮೆಕ್ಯಾನಿಕ್‌ಗಳನ್ನು ಮನಸ್ಸಿನಲ್ಲೇ ಬೈದ. ಬೋಟಿನ ಕಾಲದ ಡಬ್ಬಿ ತಂದು, ಮೂರು ಬೆರಳಿನಲ್ಲಿ ತೆಗೆದು, ಬೆಲ್ಟಿನ ಎರಡೂ ಅಂಚಿಗೆ ಸವರಿದ. ಚಕ್ರಗಳ ನಡುವಿನ ಸಂದಿಗೆ ತುಂಬಿದ. ಹಿಂದಿನ ಚಕ್ರದ ಬುಡಕ್ಕೆ ಇನ್ನಷ್ಟು ಒತ್ತಿದ. ಹೆಂಡತಿಯ ಹಿಮ್ಮಡಿಯ ಬಿರುಕಿಗೆ ಮುಲಾಮು ಹಚ್ಚುವಷ್ಟೇ ಪ್ರೀತಿಯಿಂದ ಹಚ್ಚಿದ. ಆಮೇಲೆ ಹೊರಗೆ ಸೋರಿದ್ದನ್ನು ಬಟ್ಟೆಯಿಂದ ಒರೆಸಿ ಮುಚ್ಚಳ ಹಾಕಿದ.

ಬೆಳಿಗ್ಗೆ ಸ್ಕೂಟರ್ ಕೂಗಲಿಲ್ಲ.

“ನಿಮ್ಮ ಕೈ ತಾಗಿದರೆ ಸಾಕು” ಎಂದಳು ಕಮಲ, ಪೆಟ್ಟಿಗೆಗೆ ರಬ್ಬರ್ ಪಟ್ಟಿ ಬಿಗಿಯುತ್ತಾ. ಅವಳು ಗಂಡನನ್ನು ಹೊಗಳುವುದು ವರ್ಷಕ್ಕೊಮ್ಮೆ. ಬೂಬ ಖುಷಿಯಲ್ಲಿ ಹೆದ್ದಾರಿಯವರೆಗೂ ಹಿಂದೆಯೇ ನಡೆದುಹೋದ. ಕಮಲ ಎರಡೂ ಕಡೆ ನೋಡಿದಳು, ಕೈ ತಿರುಗಿಸಿದಳು, ದಾಟಿದಳು. ದಾಟುವಾಗ ಇಂಜಿನ್ ಮೊದಲು ಕೂಗಿತು, ಸ್ಕೂಟರ್ ಒಂದು ಗಳಿಗೆ ತಡೆದು ಹೊರಟಿತು. ಬೂಬನ ಕಿವಿ ಅದನ್ನು ಹಿಡಿಯಿತು. ಸಮುದ್ರದಲ್ಲಾಗಿದ್ದರೆ ಎದ್ದು ಕುಳಿತುಬಿಡುತ್ತಿದ್ದ ಮನುಷ್ಯ, ಅವತ್ತು ತಾನೇ ಮಾಡಿದ ಕೆಲಸವಲ್ಲವೇ ಎಂದು ಮನೆಗೆ ತಿರುಗಿದ.

ಹರಿದ ಪ್ಯಾಕಿಂಗ್ ಕಿಸೆಯಲ್ಲಿತ್ತು. ಹೊಸದನ್ನು ತಂದು ಸಂಜೆ ಹಾಕಿಬಿಡುವ ಎಂದು ಬಸ್ಸು ಹಿಡಿದು ಕಾಪು ಮಾರ್ಗವಾಗಿ ಶಿರ್ವಕ್ಕೆ ಹೋದ. ಬೆಂಜಮಿನ್‌ನ ಗ್ಯಾರೇಜು ಪೇಟೆಯ ಕೊನೆಯಲ್ಲಿ, ದೊಡ್ಡ ದೊಡ್ಡ ಗಲ್ಫ್ ಮನೆಗಳ ಗೇಟುಗಳ ಎದುರಿಗೆ. ಬೆಂಜಮಿನ್ ಐವತ್ತರ ಆಳು, ನಿಧಾನದ ಮಾತಿನವನು. ಒಂದು ಸ್ಕೂಟರಿನ ಎಡಬದಿ ಬಿಚ್ಚಿಟ್ಟುಕೊಂಡು ಚಾ ಕುಡಿಯುತ್ತಿದ್ದ.

“ಬನ್ನಿ ಬೂಬಣ್ಣ, ಎಂತ ವಿಷಯ?”

“ಇದರ ಪ್ಯಾಕಿಂಗ್ ಒಂದು ಬೇಕಿತ್ತು. ಕಮಲನ ಸ್ಕೂಟರ್ ಕೂಗ್ತಾ ಇತ್ತು. ನಾನೇ ಬಿಚ್ಚಿದೆ. ಒಳಗೆ ನೋಡಿದರೆ ಮಾರಾಯ, ಬೆಲ್ಟು ಒಣ ಕಟ್ಟಿಗೆಯ ಹಾಗೆ ಉಂಟು. ಚೆನ್ನಾಗಿ ಗ್ರೀಸ್ ಹಾಕಿದೆ. ಈಗ ಶಬ್ದವೇ ಇಲ್ಲ.”

ಬೆಂಜಮಿನ್ ಚಾದ ಗ್ಲಾಸನ್ನು ಕೆಳಗಿಟ್ಟ. “ಎಲ್ಲಿಗೆ ಹಾಕಿದಿರಿ?”

“ಬೆಲ್ಟಿಗೆ.”

“ಬೆಲ್ಟಿಗೇ?”

“ಬೆಲ್ಟಿನ ಅಂಚಿಗೆ, ಆ ಚಕ್ರಗಳಿಗೆ, ಹಿಂದಿನದರ ಬುಡಕ್ಕೆ. ಎಲ್ಲ ಕಡೆ.”

“ಸ್ಕೂಟರ್ ಈಗ ಎಲ್ಲಿ ಉಂಟು?”

“ಕಾರ್ಕಳಕ್ಕೆ ಹೋಗಿದ್ದಾಳೆ.”

ಬೆಂಜಮಿನ್ ಕೈಯನ್ನು ಬಟ್ಟೆಗೆ ಒರೆಸಿಕೊಂಡ. ಅವನು ನಕ್ಕಿದ್ದರೆ, ಬೈದಿದ್ದರೆ ಬೂಬನಿಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲ.

“ಇಲ್ಲಿ ಬನ್ನಿ” ಎಂದು ಬಿಚ್ಚಿಟ್ಟಿದ್ದ ಸ್ಕೂಟರಿನ ಹತ್ತಿರ ಕೂರಿಸಿದ. “ಇದಕ್ಕೆ ಗೇರ್ ಇಲ್ಲ ಅಂತ ಎಲ್ಲರೂ ಹೇಳ್ತಾರೆ. ಇಲ್ಲದೆ ಎಂತ, ಲೆಕ್ಕವಿಲ್ಲದಷ್ಟು ಉಂಟು. ನೋಡಿ, ಈ ಮುಂದಿನ ಚಕ್ರ ಒಂದಲ್ಲ, ಎರಡು ತಟ್ಟೆ. ಊಟದ ಎರಡು ಬಟ್ಟಲನ್ನು ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲಿಸಿದ ಹಾಗೆ. ನಡುವಿನ ಇಳಿಜಾರು ಸಂದಿಯಲ್ಲಿ ಬೆಲ್ಟ್ ಕೂತಿದೆ. ತಟ್ಟೆ ದೂರ ಇದ್ದರೆ ಬೆಲ್ಟ್ ಕೆಳಗೆ, ಬುಡದಲ್ಲಿ ಕೂರ್ತದೆ. ಸಣ್ಣ ಸುತ್ತು. ಹತ್ತಿರ ಬಂದರೆ ಬೆಲ್ಟಿಗೆ ಜಾಗ ಇಲ್ಲ, ಮೇಲೆ ಹತ್ತಲೇಬೇಕು. ದೊಡ್ಡ ಸುತ್ತು.”

ಅವನು ಒಂದು ತಟ್ಟೆಯನ್ನು ಬೆರಳಿನಿಂದ ಒತ್ತಿದ. ಬೆಲ್ಟ್ ನಿಧಾನವಾಗಿ ಸಂದಿಯಿಂದ ಮೇಲಕ್ಕೆ ಏರಿ ಬಂತು. ಬೂಬ ಬಾಗಿ ನೋಡಿದ.

“ಯಾರು ಒತ್ತುವುದು ಅದನ್ನು?”

“ಈ ತಟ್ಟೆಯ ಹಿಂದೆ ಗುಂಡುಗಳುಂಟು. ಇಂಜಿನ್ ಜೋರಾಗಿ ತಿರುಗಿದರೆ ಅವು ಹೊರಕ್ಕೆ ಓಡ್ತವೆ, ಓಡುವಾಗ ತಟ್ಟೆಯನ್ನು ದೂಡ್ತವೆ. ಮುಂದೆ ಬೆಲ್ಟ್ ಮೇಲೆ ಹತ್ತಿತು ಅಂದರೆ ಹಿಂದೆ ಎಂತ ಆಗಬೇಕು? ಬೆಲ್ಟಿನ ಉದ್ದ ಅಷ್ಟೇ ಅಲ್ವಾ? ಹಿಂದಿನ ತಟ್ಟೆಗಳನ್ನು ಅಗಲಿಸಿ ಒಳಗೆ ಇಳಿಯುತ್ತದೆ. ಅಲ್ಲಿ ಒಂದು ಸ್ಪ್ರಿಂಗ್ ಉಂಟು, ಅದು ಸದಾ ಮುಚ್ಚಲಿಕ್ಕೆ ನೋಡ್ತದೆ. ಮುಂದೆ ಸಣ್ಣ ಸುತ್ತು, ಹಿಂದೆ ದೊಡ್ಡದು ಇದ್ದರೆ ನಿಧಾನ, ಆದರೆ ಶಕ್ತಿ ಜಾಸ್ತಿ. ಗುಡ್ಡ ಹತ್ತುವುದು ಅದರಲ್ಲಿ. ಮುಂದೆ ದೊಡ್ಡದಾದ ಹಾಗೆ ವೇಗ. ನಡುವೆ ಎಲ್ಲಿಯೂ ಮೆಟ್ಟಿಲಿಲ್ಲ, ಜಾರುಬಂಡೆಯ ಹಾಗೆ. ಕೈ ಬೇಡ, ಕ್ಲಚ್ ಹಿಡಿಯುವುದೂ ಬೇಡ, ಅದೇ ನೋಡಿಕೊಳ್ತದೆ.”

ಚಂದದ ಯಂತ್ರ ಎಂದು ಬೂಬನಿಗೆ ಅನಿಸಿತು, ಆ ಹೆದರಿಕೆಯ ನಡುವೆಯೂ. ಹಿಂದಿನ ತಟ್ಟೆಯನ್ನು ಮೂರು ಬೆರಳಿನಿಂದ ಮುಟ್ಟಿ ನೋಡಿದ. ನುಣುಪಾಗಿತ್ತು, ಒಣಗಿತ್ತು.

“ಹಲ್ಲು ಎಲ್ಲಿಯೂ ಇಲ್ಲವಲ್ಲ?” ಎಂದ.

“ಅದೇ ನಾನು ಹೇಳುವುದು ಬೂಬಣ್ಣ. ಹಲ್ಲಿಲ್ಲ, ಚೈನಿಲ್ಲ. ತಟ್ಟೆ ಬೆಲ್ಟನ್ನು ಹಿಚುಕಿ ಹಿಡಿಯುತ್ತದೆ, ಅಷ್ಟೇ. ಆ ಹಿಡಿತದಲ್ಲೇ ಇಡೀ ಸ್ಕೂಟರ್ ಹೋಗುವುದು. ಹಾಗಾಗಿ ಒಣಗಿರಬೇಕು. ಹಿಂದೆ ಇರುವ ಕ್ಲಚ್ಚಿಗೂ ಹಾಗೆ. ಬೆಳಿಗ್ಗೆ ತಂಪಿನಲ್ಲಿ ಗ್ರೀಸ್ ಗಟ್ಟಿ ಇರ್ತದೆ, ಬೆಲ್ಟ್ ಅದನ್ನು ಒತ್ತಿ ಬದಿಗೆ ಹಾಕಿ ಹೇಗೋ ಓಡ್ತದೆ. ಬಿಸಿಯಾದರೆ ಕರಗುತ್ತದೆ. ಬುಡದಲ್ಲಿ ತುಂಬಿದ್ದೆಲ್ಲ ತಿರುಗುವ ರಭಸಕ್ಕೆ ತಟ್ಟೆಯ ಮೇಲೆ ಹರಡುತ್ತದೆ. ಆಮೇಲೆ ಕೈ ತಿರುಗಿಸಿದರೆ ಇಂಜಿನ್ ಬೊಬ್ಬೆ ಹೊಡೆಯುತ್ತದೆ, ಚಕ್ರ ತಿರುಗುವುದಿಲ್ಲ. ಭಾರ ಇದ್ದರಂತೂ ಕೇಳುವುದೇ ಬೇಡ.”

“ತಿರುಗದಿದ್ದರೆ ನಿಲ್ಲುತ್ತದೆ ಅಲ್ವಾ? ನಿಂತರೆ ಅವಳು ಇಳಿಯುತ್ತಾಳೆ.”

“ನಿಂತರೆ ಒಳ್ಳೆಯದೇ. ಆದರೆ ಜಾರುತ್ತಾ ಜಾರುತ್ತಾ ಎಲ್ಲಿಯಾದರೂ ಗ್ರೀಸ್ ಸುಟ್ಟು ಹೋದ ಜಾಗ ಸಿಕ್ಕಿದರೆ ಒಮ್ಮೆಲೆ ಕಚ್ಚುತ್ತದೆ. ಆಗ ಕೈ ಪೂರ್ತಿ ತಿರುಗಿಸಿ ಹಿಡಿದಿರ್ತಾರೆ ಅಲ್ವಾ? ಸ್ಕೂಟರ್ ಹಾರುತ್ತದೆ.”

ಬೂಬ ತನ್ನ ಕೈ ನೋಡಿಕೊಂಡ. ಜಾರುತ್ತದೆ, ಜಾರುತ್ತದೆ, ಆಮೇಲೆ ಕಚ್ಚುತ್ತದೆ. ಇದನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಜಗತ್ತಿನಲ್ಲಿ ಯಾರಿಗಾದರೂ ಇದು ಮೊದಲೇ ಗೊತ್ತಿರಬೇಕಾಗಿದ್ದರೆ ಅವನಿಗೆ ಗೊತ್ತಿರಬೇಕಾಗಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರೆ. ಬೂಬನದು ಅದಕ್ಕಿಂತಲೂ ಕೆಟ್ಟದು. ಬುದ್ಧಿ ಎಂದೋ ಬಂದಿತ್ತು, ಎರಡು ಬೆರಳು ಕೊಟ್ಟು ಪಡೆದ ಬುದ್ಧಿ. ಡಬ್ಬಿ ಕೈಗೆ ಬಂದ ಕೂಡಲೇ ಅದನ್ನು ಮರೆತಿದ್ದ.

ಫೋನ್ ಮಾಡಿದ. ರಿಂಗಾಯಿತು, ಎತ್ತಲಿಲ್ಲ. ಕಮಲ ಮೀನಿನ ಕೈಯಲ್ಲಿ ಮುಟ್ಟಬಾರದೆಂದು ಫೋನನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸೀಟಿನ ಕೆಳಗೆ ಇಡುತ್ತಾಳೆ. ಪುನಃ ಮಾಡಿದ. ಪುನಃ ರಿಂಗಾಯಿತು. ಅವಳ ಫೋನಿನ ಹಾಡು ಆ ಸ್ಕೂಟರಿನ ಹೊಟ್ಟೆಯೊಳಗೆ, ತಾನು ಗ್ರೀಸ್ ತುಂಬಿದ ಜಾಗದ ಮೇಲೆಯೇ ಕೂಗುತ್ತಿರಬಹುದು ಎಂದು ಅವನಿಗೆ ಅನಿಸಿತು.

“ಬೆಳ್ಮಣ್ಣಿಗೆ ಬಸ್ಸು ಉಂಟಾ ಈಗ?”

“ಬಸ್ಸು ಕಾದರೆ ಆಗಲಿಕ್ಕಿಲ್ಲ” ಎಂದು ಬೆಂಜಮಿನ್ ರಸ್ತೆಗೆ ಹೋಗಿ ಕೈ ಅಡ್ಡ ಹಿಡಿದ. ಮೀನು ಮಾರ್ಕೆಟಿಗೆ ಅರ್ಧ ಐಸ್ ಇಳಿಸಿ ಬರುತ್ತಿದ್ದ ಟೆಂಪೋ ನಿಂತಿತು. ನೀರು ತೊಟ್ಟಿಕ್ಕುತ್ತಿದ್ದ ಆ ಟೆಂಪೋದ ಸ್ಟೇರಿಂಗ್ ಹಿಂದೆ ಭುಜಂಗ ಕುಳಿತಿದ್ದ.

ಬೂಬ ಒಂದು ಗಳಿಗೆ ನಿಂತ. ಆಮೇಲೆ ಹತ್ತಿ ಕುಳಿತ. ಬೇರೆ ದಾರಿಯಿರಲಿಲ್ಲ.

ಬೆಂಜಮಿನ್ ಹೇಳಿದ್ದಿಷ್ಟೇ, “ಬೆಳ್ಮಣ್ಣಿಗೆ ಬಿಡು, ಕಮಲಕ್ಕನನ್ನು ಹುಡುಕಬೇಕು, ಬೇಗ.” ಟೆಂಪೋ ಬೇಗ ಹೋಯಿತು. ಒದ್ದೆ ಗೋಣಿಯ ವಾಸನೆ, ಕರಗುವ ಐಸಿನ ತಂಪು. ರಸ್ತೆಯ ಎರಡೂ ಬದಿಗೆ ಗದ್ದೆ, ತೆಂಗಿನ ತೋಟ, ಇಗರ್ಜಿಯ ಗೋಡೆ. ಪ್ರತಿ ತಿರುವಿನಲ್ಲೂ ಬೂಬ ಮುಂದಕ್ಕೆ ಬಾಗಿ ನೋಡುತ್ತಿದ್ದ. ಒಂದು ಕಡೆ ಜನ ಗುಂಪು ನಿಂತದ್ದು ಕಂಡು ಇಳಿಯಲು ಬಾಗಿಲಿಗೆ ಕೈ ಹಾಕಿದ. ಹತ್ತಿರ ಹೋದರೆ ಯಾರದೋ ಮನೆಯ ಹಲಸಿನ ಮರ ಕಡಿಯುತ್ತಿದ್ದರು.

ಬಾಯಿಬಿಡದಿದ್ದರೆ ಉಸಿರುಕಟ್ಟುತ್ತದೆ ಎನಿಸಿ ಬೂಬನೇ ಹೇಳಿದ. “ಅವಳ ಸ್ಕೂಟರಿನ ಬೆಲ್ಟಿಗೆ ಗ್ರೀಸ್ ಹಾಕಿದೆ. ನಾನೇ.”

ಭುಜಂಗ ರಸ್ತೆಯ ಮೇಲಿನ ಕಣ್ಣು ತೆಗೆಯಲಿಲ್ಲ. “ನೀವೇ ಹೇಳಿದ್ದಲ್ವಾ ಬೂಬಣ್ಣ, ಕಬ್ಬಿಣ ಕಂಡಲ್ಲೆಲ್ಲ ಗ್ರೀಸ್ ಹಾಕು ಅಂತ. ನಾನು ಹೊಸಬ. ಉರುಳೆಯೂ ಕಬ್ಬಿಣವೇ ಅಲ್ವಾ ಅಂದುಕೊಂಡೆ. ನಿಮಗೆ ಖುಷಿ ಆಗ್ತದೆ ಅಂತ ಹಚ್ಚಿದೆ.” ಗೇರ್ ಬದಲಿಸಿದ. “ಅದನ್ನು ಹೇಳುವ ಅಂತಲೇ ಆಸ್ಪತ್ರೆಗೆ ಬಂದದ್ದು.”

ಇಷ್ಟು ವರ್ಷ ಬೂಬ ಈ ಮನುಷ್ಯನನ್ನು ಮನಸ್ಸಿನಲ್ಲಿ ಕೊಂದು ಕೊಂದು ಹಾಕಿದ್ದ. ಆ ವರ್ಷಗಳೆಲ್ಲ ಈಗ ಒಮ್ಮೆಲೆ ಅವನ ತಲೆಯ ಮೇಲೆ ಬಿದ್ದವು. ನಾಚಿಕೆಯಾಯಿತು, ಆದರೆ ನಾಚಿಕೆಪಡುವಷ್ಟು ಪುರುಸೊತ್ತು ಇರಲಿಲ್ಲ.

ಬೆಳ್ಮಣ್ಣಿನಲ್ಲಿ ಕಮಲ ದಿನಾ ಸೋಡಾ ಕುಡಿಯುವ ಅಂಗಡಿಯಿದೆ. ಅಂಗಡಿಯ ವೆರೊನಿಕಾ ಬಾಯಿ ಹೊರಗೆ ಬಂದು ಹೇಳಿದರು. “ಕಮಲಕ್ಕ ಈಗಷ್ಟೇ ಹೋದರು, ಪಡುಬಿದ್ರಿ ಕಡೆಗೆ. ಇವತ್ತು ಕಾರ್ಕಳದಲ್ಲಿ ಬೇಗ ಮುಗಿಯಿತಂತೆ. ಸ್ಕೂಟರಿಗೆ ಎಂತ ಆಗಿದೆ? ಬರೀ ಬೊಬ್ಬೆ. ನಮ್ಮ ದಿಣ್ಣೆ ಹತ್ತುವಾಗ ಕಾಲು ಕೊಟ್ಟು ದೂಡಿಕೊಂಡು ಹೋದರು. ಸುಟ್ಟ ವಾಸನೆಯೂ ಬಂತು. ನಿಲ್ಲಿಸಿ ಹೋಗಿ ಅಂದೆ, ಕೇಳಲಿಲ್ಲ.”

“ಭಾರ ಇತ್ತಾ?” ಬೂಬ ಕೇಳಿದ.

“ತೆಂಗಿನಕಾಯಿ. ಪೆಟ್ಟಿಗೆ ತುಂಬ.”

ಭುಜಂಗ ಟೆಂಪೋ ತಿರುಗಿಸಿದ. ಒಂದು ಇಳಿಜಾರಿನಲ್ಲಿ ನಿಜವಾಗಿಯೂ ಸುಟ್ಟ ರಬ್ಬರಿನ ವಾಸನೆ ಮೂಗಿಗೆ ಬಂತೋ, ಬೂಬನ ಮನಸ್ಸೇ ಅದನ್ನು ತಂದಿತೋ ಹೇಳುವುದು ಕಷ್ಟ. ಬಿಸಿಲಿಗೆ ಡಾಂಬರು ಹೊಳೆಯುತ್ತಿತ್ತು. ಅವನಿಗೆ ಅದು ಗ್ರೀಸ್ ಬಳಿದ ಹಾಗೆ ಕಂಡಿತು.

ಪಡುಬಿದ್ರಿಯ ಜಂಕ್ಷನ್ ಹತ್ತಿರ ಬಂದಾಗ ಕಮಲ ಕಂಡಳು. ಕಾರ್ಕಳದ ರಸ್ತೆ ಹೆದ್ದಾರಿಗೆ ಸೇರುವಲ್ಲಿ, ಎಲ್ಲರಿಗಿಂತ ಮುಂದೆ, ಒಂದು ಕಾಲು ನೆಲಕ್ಕೆ ಊರಿ ನಿಂತಿದ್ದಳು. ನೀಲಿ ಪೆಟ್ಟಿಗೆ, ಅದರ ಮೇಲೆ ಗೋಣಿ ಕಟ್ಟಿತ್ತು. ಬಲಕ್ಕೆ ತಿರುಗಿ ಉಚ್ಚಿಲದ ಕಡೆ ಹೋಗಬೇಕು. ಅದಕ್ಕೆ ಉಡುಪಿಯಿಂದ ಮಂಗಳೂರಿಗೆ ಇಳಿಯುವ ವಾಹನಗಳ ದಾರಿಯನ್ನು ಮೊದಲು ದಾಟಬೇಕು. ನಡುವೆ ಕಾರುಗಳು, ಬಸ್ಸುಗಳು ನಿಂತಿದ್ದರಿಂದ ಟೆಂಪೋ ಹಿಂದೆಯೇ ಉಳಿಯಿತು. ಬೂಬ ಬಾಗಿಲು ತೆರೆದು ಇಳಿದು ಓಡಿದ.

“ಕಮಲ” ಎಂದು ಕೂಗಿದ. ಹಾರ್ನುಗಳ ನಡುವೆ ಅದು ಅವನಿಗೇ ಕೇಳಲಿಲ್ಲ.

ಅವಳು ಎರಡೂ ಕಡೆ ನೋಡಿದಳು. ದೂರದಲ್ಲಿ ಒಂದು ದೊಡ್ಡ ಲಾರಿ. ಕಣ್ಣಲ್ಲೇ ಅಳೆದಳು. ಲೆಕ್ಕ ಸರಿಯಾಗಿಯೇ ಇತ್ತು, ಯಾವತ್ತಿನಂತೆ. ಕೈ ತಿರುಗಿಸಿದಳು. ಇಂಜಿನ್ ಕಿರುಚಿತು. ಸ್ಕೂಟರ್ ತೆವಳಿಕೊಂಡು ಹೆದ್ದಾರಿಯ ನಡುವಿನವರೆಗೆ ಹೋಯಿತು, ಅಲ್ಲಿ ಸುಮ್ಮನೆ ನಿಂತಿತು. ಕಿರುಚುತ್ತಲೇ ಇತ್ತು, ಮುಂದೆ ಹೋಗಲಿಲ್ಲ. ಕಮಲ ಲಾರಿಯ ಕಡೆ ನೋಡಿದಳು, ಇನ್ನಷ್ಟು ಕೈ ತಿರುಗಿಸಿದಳು. ಅವಳ ಜಾಗದಲ್ಲಿ ಯಾರಿದ್ದರೂ ಅದನ್ನೇ ಮಾಡುತ್ತಿದ್ದರು. ‘ಬಿಡು, ಕೈ ಬಿಡು’ ಎಂದು ಬೂಬ ಓಡುತ್ತಲೇ ಒದರಿದ. ಆ ಶಬ್ದದಲ್ಲಿ, ಆ ಕಿರುಚಾಟದ ಒಳಗೆ, ಒಂದು ಸಣ್ಣ ತಡೆ ಬಂದದ್ದು ಅವನ ಕಿವಿಗೆ ಕೇಳಿತು. ಬೆಲ್ಟ್ ಕಚ್ಚಿತು.

ಸ್ಕೂಟರ್ ಹಾರಿ ಡಿವೈಡರಿಗೆ ಬಡಿಯಿತು. ಕಮಲ ಕೆಳಗೆ ಬಿದ್ದಳು, ಸ್ಕೂಟರ್ ಅವಳ ಕಾಲಿನ ಮೇಲೆ ಬಿತ್ತು. ಲಾರಿಯವನು ಬ್ರೇಕಿನ ಮೇಲೆ ನಿಂತಿದ್ದ. ಆದರೂ ಲಾರಿಯ ಮೂತಿ ಪೆಟ್ಟಿಗೆಗೆ ತಾಗಿ, ಸ್ಕೂಟರನ್ನೂ ಅದರ ಕೆಳಗಿದ್ದ ಕಾಲನ್ನೂ ಸ್ವಲ್ಪ ದೂರ ಎಳೆದುಕೊಂಡು ಹೋಗಿ ನಿಂತಿತು. ತೆಂಗಿನಕಾಯಿಗಳು ಹೆದ್ದಾರಿಯ ತುಂಬ ಉರುಳಿದವು. ಬೂಬ ಅವುಗಳ ನಡುವೆ ಓಡಿದ. ಒಂದರ ಮೇಲೆ ಕಾಲಿಟ್ಟು ಬಿದ್ದ, ಎದ್ದು ಮತ್ತೆ ಓಡಿದ.

ಹೆಂಡತಿಯನ್ನು ಎತ್ತಲು ಅವನ ಮೂರು ಬೆರಳಿನ ಕೈಗೆ ಆಗಲಿಲ್ಲ. ಎತ್ತಿದವನು ಭುಜಂಗ. ಐಸಿನ ಗೋಣಿಗಳ ಮೇಲೆ ಮಲಗಿಸಿ, ಕಾಲಿಗೆ ಅದೇ ಐಸು ಒತ್ತಿ, ಮಣಿಪಾಲದವರೆಗೂ ಟೆಂಪೋ ಓಡಿಸಿದವನೂ ಅವನೇ.

ಜೀವಕ್ಕೆ ಅಪಾಯವಿಲ್ಲ ಎಂದರು ಡಾಕ್ಟರು. ಕಾಲಿಗೆ ರಾಡ್ ಹಾಕಿದರು. ಪಾದ ಮೊದಲಿನ ಹಾಗೆ ಮಡಚುವುದಿಲ್ಲ, ಭಾರ ಹೊತ್ತು ನಿಲ್ಲುವ ಕೆಲಸ ಇನ್ನು ಬೇಡ ಎಂದು ಬೂಬನನ್ನು ಹೊರಗೆ ಕರೆದು ಹೇಳಿದರು. ಕಮಲಳಿಗೆ ಅದನ್ನು ಇನ್ನೂ ಹೇಳಿರಲಿಲ್ಲ. ಬೆಂಜಮಿನ್ ಬಂದು ನೋಡಿ ಹೋದ, ಗ್ರೀಸಿನ ಸುದ್ದಿ ತೆಗೆಯಲಿಲ್ಲ. ಭುಜಂಗ ದಿನಾ ಮನೆಯಿಂದ ಗಂಜಿ ತರುತ್ತಿದ್ದ, ಅವನೂ ತೆಗೆಯಲಿಲ್ಲ. ಬೂಬ ಮಂಚದ ಪಕ್ಕದ ಸ್ಟೂಲಿನ ಮೇಲೆ ಕುಳಿತಿರುತ್ತಿದ್ದ. ಮಂಚದ ಚಕ್ರವೊಂದು ಕಿರ್ರೆನ್ನುತ್ತಿತ್ತು. ಅದನ್ನು ಕೇಳುತ್ತಲೇ ಕುಳ್ಳಿರುತ್ತಿದ್ದ, ಕೈ ಹಾಕುತ್ತಿರಲಿಲ್ಲ.

ನೋವು ಇಳಿದು ಮಾತು ಸರಿಯಾಗಿ ಬಂದ ದಿನ ಕಮಲ ಅವನ ಕಡೆ ನೋಡಿ ಹೇಳಿದಳು. “ಬೆಳಿಗ್ಗೆಯಿಂದಲೇ ಶಬ್ದ ಬೇರೆ ಥರ ಇತ್ತು. ನಿಟ್ಟೆಯ ಹತ್ತಿರ ನಿಲ್ಲಿಸಿ ಬಸ್ಸಿನಲ್ಲಿ ಬರುವ ಅಂತ ಒಮ್ಮೆ ಅನಿಸಿತು. ವೆರೊನಿಕಾ ಬಾಯಿಯೂ ಹೇಳಿದರು.”

“ಮತ್ತೆ ಯಾಕೆ ನಿಲ್ಲಿಸಲಿಲ್ಲ?” ಬೂಬ ಕೇಳಿದ.

“ನೀವೇ ಬಿಚ್ಚಿ ನೋಡಿದ್ದಲ್ವಾ? ನಿಮ್ಮ ಕೈ ತಾಗಿದ ಮೇಲೆ ಎಂತದೂ ಆಗುವುದಿಲ್ಲ ಅಂತ ಬಂದುಬಿಟ್ಟೆ.” ಅವಳು ಕೈ ಚಾಚಿ ಅವನ ಬಲಗೈ ಹಿಡಿದುಕೊಂಡಳು. “ಸ್ಕೂಟರ್ ರಿಪೇರಿ ಮಾಡಿಸುವುದಾದರೆ ಹೊರಗೆ ಕೊಡಬೇಡಿ. ನೀವೇ ಮಾಡಿ. ಯಾರ್ಯಾರೋ ಕೈ ಹಾಕಿದರೆ ನನಗೆ ಧೈರ್ಯ ಬರುವುದಿಲ್ಲ.”

ಗಂಜಿಯ ಫ್ಲಾಸ್ಕ್ ಹಿಡಿದುಕೊಂಡು ಭುಜಂಗ ಬಾಗಿಲಲ್ಲಿ ನಿಂತಿದ್ದ. ಎಲ್ಲವನ್ನೂ ಕೇಳಿಸಿಕೊಂಡಿದ್ದ. ಬೂಬನನ್ನು ಒಮ್ಮೆ ನೋಡಿದ, ಫ್ಲಾಸ್ಕನ್ನು ಮೇಜಿನ ಮೇಲಿಟ್ಟು ಹೊರಗೆ ಹೋಗಿ ಬಾಗಿಲು ಎಳೆದುಕೊಂಡ.

ಬೂಬ ಹೇಳಿದ. ಮುಚ್ಚಳ ಬಿಚ್ಚಿದ್ದು, ಒಣಗಿದ ಬೆಲ್ಟ್ ಕಂಡದ್ದು, ಡಬ್ಬಿ ತಂದದ್ದು, ಬೆಳಿಗ್ಗೆ ಅವಳು ದಾಟುವಾಗ ಇಂಜಿನಿನ ಶಬ್ದ ಕೇಳಿಯೂ ಮನೆಗೆ ತಿರುಗಿದ್ದು, ಯಾವುದನ್ನೂ ಬಿಡಲಿಲ್ಲ. ಕಾಲಿನ ಬಗ್ಗೆ ಡಾಕ್ಟರು ಹೇಳಿದ್ದನ್ನೂ ಹೇಳಿದ. ಹೇಳುವಾಗ ತನ್ನ ಕೈಯನ್ನು ಹಿಡಿದಿದ್ದ ಅವಳ ಬೆರಳುಗಳು ಒಂದೊಂದಾಗಿ ಸಡಿಲವಾಗುವುದು ಅವನಿಗೆ ತಿಳಿಯುತ್ತಿತ್ತು.

ಕಮಲ ತಲೆಯ ಮೇಲೆ ತಿರುಗುವ ಫ್ಯಾನು ನೋಡಿದಳು. ಆಮೇಲೆ ಮೆಲ್ಲನೆ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡಳು.